ಹವಾನಾದ ಒದ್ದೆ ಗೋಡೆ

ಏಣಿಯಿಂದ ಇಳಿದು, ಕುಂಚವನ್ನು ನೀರಿನ ಡಬ್ಬಿಗೆ ಹಾಕಿ, ಬಾಗಿಲಾಚೆ ಹೋಗಿ, ಆ ಮನೆಗೆ ಮೊದಲ ಸಲ ಬರುತ್ತಿರುವವಳ ಮುಖ ಮಾಡಿಕೊಂಡು ಒಳಗೆ ಬಂದು ನೋಡಿದಳು. ಗೋಡೆ ಕೆಟ್ಟುಹೋಗಿತ್ತು. ಸೂರಿನ ಮೂಲೆಯಲ್ಲಿ ಶುರುವಾದ ಒದ್ದೆ ಸೊಂಟದೆತ್ತರದವರೆಗೆ ಇಳಿದಿತ್ತು; ನಡುವೆ ಅಲ್ಲಲ್ಲಿ ಗುಳ್ಳೆ ಎದ್ದಿತ್ತು; ಅಂಚಿನುದ್ದಕ್ಕೂ ಬೂದಿಯಂಥ ಉಪ್ಪು ಬಿಟ್ಟುಕೊಂಡಿತ್ತು. ಮುಗ್ಗಲು ವಾಸನೆ ಬಂತೋ ಹೇಗೆ ಎಂದು ಅವಳಿಗೇ ಒಂದು ಗಳಿಗೆ ಅನುಮಾನವಾಯಿತು. ಆ ಗೋಡೆಯೊಳಗೆ ಒಂದು ಹನಿ ನೀರೂ ಇರಲಿಲ್ಲ. ಇದ್ದದ್ದೆಲ್ಲ ಅವಳು ಹಚ್ಚಿದ್ದು: ಅಂಟಿನಲ್ಲಿ ಕಲಸಿದ ಕಂದು ಪುಡಿ, ಕುದಿಸಿ ಇಳಿಸಿದ ಚಹಾ, ಸೀಮೆಸುಣ್ಣದ ಧೂಳು. ನಾಟಕಶಾಲೆಯಲ್ಲಿ ಅವಳ ಕೆಲಸವೇ ಅದು. ಬಡಗಿ ಮಾಡಿಕೊಟ್ಟ ಹೊಸ ಹಲಗೆಯನ್ನು, ಹೊಸ ಪರದೆಯನ್ನು ಹಳತು ಮಾಡುವುದು. ಕಬ್ಬಿಣವೇ ಇಲ್ಲದ ಕಡೆ ತುಕ್ಕು ಹಿಡಿಸುವುದು, ಬೆಂಕಿ ಕಾಣದ ಗೋಡೆಗೆ ಹೊಗೆ ಕೂರಿಸುವುದು. ಇಷ್ಟು ವರ್ಷ ಆ ಕೆಲಸವನ್ನು ಅಲ್ಲೇ ಬಿಟ್ಟು, ಉಗುರಿನ ಸಂದಿಯನ್ನು ತಿಕ್ಕಿ ತೊಳೆದು ಮನೆಗೆ ಬರುತ್ತಿದ್ದವಳು ಮನೆಯೊಳಗೇ ಅದನ್ನು ತಂದದ್ದು ಇದೇ ಮೊದಲು. ಸಂಜೆಗೆ ಅಪ್ಪ ಬರುವವನಿದ್ದ.

ಅಕ್ಕ, ಭಾವ, ಅವರ ಮಗಳು ಚೂಟಿ ಕೂಡ ಬರುವವರಿದ್ದರು. ಆದರೆ ಅವರು ಕೂಟಕ್ಕೆ ಬರುವವರು, ಗೋಡೆಗಲ್ಲ. ವರ್ಷಕ್ಕೊಮ್ಮೆ ಮನೆಯವರಷ್ಟೇ ಸೇರಿ ವೇಷ ಹಾಕಿಕೊಂಡು ಕುಡಿದು ಕುಣಿಯುವ ಈ ಕಾಕ್‌ಟೇಲ್ ಕೂಟವನ್ನು ಅಕ್ಕನೇ ಶುರು ಮಾಡಿದ್ದು, ತನ್ನ ದೊಡ್ಡ ಮನೆಯಲ್ಲಿ ನಡೆಸಿಕೊಂಡು ಬಂದದ್ದೂ ಅವಳೇ. ಈ ಸಲ ನಮ್ಮನೇಲಿ ಎಂದು ತಂಗಿ ಫೋನಿನಲ್ಲಿ ಹೇಳಿದಾಗ ಅಕ್ಕ ನಂಬಲಿಲ್ಲ. "ನಿಮ್ಮನೇಲಾ? ಜಾಗ ಸಾಲುತ್ತಾ ಪುಟ್ಟಿ?" ಐವತ್ತು ದಾಟಿದರೂ ಅವಳು ಪುಟ್ಟಿಯೇ. ಈ ಸಲದ ವೇಷಕ್ಕೆ ಕ್ಯೂಬಾ ಎನ್ನುವುದು ಅವಳ ಗಂಡನ ತಲೆಯಲ್ಲಿ ಹುಟ್ಟಿದ್ದು. ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ಅವನಿಗೆ ಹಳೆಯ ಗ್ರಾಮಫೋನ್ ತಟ್ಟೆಗಳ ಹುಚ್ಚು. ಅದರಲ್ಲೂ ತುತ್ತೂರಿ ಮತ್ತು ಜೋಡಿ ಡೋಲಿನ ಹವಾನಾದ ತಟ್ಟೆಗಳೆಂದರೆ ಊಟ ಬೇಡ, ನಿದ್ದೆ ಬೇಡ. ಅವರಲ್ಲಿ ಯಾರೂ ಕ್ಯೂಬಾ ಕಂಡವರಲ್ಲ. ರಮ್ಮು, ಸಿಗಾರು, ಹೊಟ್ಟೆ ದಪ್ಪಗಿನ ಹಳೆಯ ಕಾರು, ಸಮುದ್ರ, ಇಷ್ಟೇ ಗೊತ್ತಿದ್ದದ್ದು. ಅವಳು ನಾಟಕಶಾಲೆಯಿಂದ ಒಂದು ಚಿತ್ರಗಳ ಪುಸ್ತಕ ತಂದು ರಾತ್ರಿಯೆಲ್ಲ ನೋಡಿದ್ದಳು. ಎತ್ತರದ ಕಿಟಕಿಯ ಕೋಣೆಗಳು, ಗೋಡೆಗಳು ಹಪ್ಪಳದ ಹಾಗೆ ಸಿಪ್ಪೆ ಏಳುತ್ತಿವೆ, ಅದರ ಕೆಳಗೆ ಹೂವಿನ ಗೌನು ತೊಟ್ಟ ಹೆಂಗಸರು ಕಾಲಮೇಲೆ ಕಾಲು ಹಾಕಿಕೊಂಡು, ಕತ್ತು ನೆಟ್ಟಗೆ ಮಾಡಿ ಕೂತಿದ್ದಾರೆ. ಒಬ್ಬರ ಮುಖದಲ್ಲೂ ಆ ಗೋಡೆಯ ಬಗ್ಗೆ ಸಂಕೋಚವಿಲ್ಲ. ಅವಳಿಗೆ ಆ ಹೆಂಗಸರು ತುಂಬ ಹಿಡಿಸಿದರು.

ಮೂರು ಗೋಡೆಗೆ ತೊಂದರೆಯಾಗಲಿಲ್ಲ. ನಾಲ್ಕೇ ಪ್ರದರ್ಶನ ಕಂಡು ಮುಚ್ಚಿಹೋದ ನಾಟಕವೊಂದರ ಪರದೆಗಳು ಉಗ್ರಾಣದಲ್ಲಿ ಬಿದ್ದಿದ್ದವು. ಅವುಗಳ ಮೇಲೆಯೇ ಬರೆದಳು. ಒಂದರಲ್ಲಿ ಕಲ್ಲಿನ ಕಟ್ಟೆಗೆ ಬಡಿಯುವ ಅಲೆ, ಒಂದರಲ್ಲಿ ಬೀದಿ ಮತ್ತು ಹಸಿರು ಕಾರು, ಇನ್ನೊಂದರಲ್ಲಿ ಬಟ್ಟೆ ಒಣಗಿ ಹಾಕಿದ ಮಹಡಿ ಕಟಾಂಜನ. ಯಾರು ನೋಡಿದರೂ ಬಟ್ಟೆಯ ಮೇಲೆ ಬರೆದದ್ದೆಂದು ಗೊತ್ತಾಗುವಂಥವು, ಗೊತ್ತಾಗಲೆಂದೇ ಬರೆದದ್ದು. ನಾಲ್ಕನೆಯ ಗೋಡೆಗೆ ಪರದೆ ಇರಲಿಲ್ಲ. ಅದು ಅಪ್ಪನ ಗೋಡೆ. ಮೂರು ವರ್ಷದ ಹಿಂದೆ ಈ ಮನೆ ಕೊಂಡಾಗ ಅಪ್ಪ ತನ್ನದೇ ಏಣಿ, ತನ್ನದೇ ಕುಂಚ ಹೊತ್ತುಕೊಂಡು ಬಂದಿದ್ದ. ಎಪ್ಪತ್ತೈದು ದಾಟಿತ್ತು. ಕೈ ಸುಮ್ಮನಿದ್ದಾಗ ನಡುಗುತ್ತಿತ್ತು, ಕುಂಚ ಗೋಡೆಗೆ ತಾಗಿದ ಕೂಡಲೇ ನಿಲ್ಲುತ್ತಿತ್ತು. ಉಳಿದ ಗೋಡೆಗಳನ್ನು ಕೂಲಿಯವರು ಮಾಡಲಿ, ಕಿಟಕಿಯ ಎದುರಿನದು ಮಾತ್ರ ನನಗೆ ಬಿಡಿ, ಬೆಳಕು ನೇರ ಬೀಳುತ್ತೆ, ಅದರಲ್ಲಿ ಎಲ್ಲ ಕಳ್ಳತನವೂ ಕಾಣುತ್ತೆ ಎಂದು ಹೇಳಿ, ಅವಳಿಂದ ಏಣಿ ಹಿಡಿಸಿಕೊಂಡು, ಮೊಸರಿನಂಥ ಬಿಳಿಯನ್ನು ಎಳೆದಿದ್ದ. ಮುಗಿದ ಮೇಲೆ, "ಇದೇ ಕೊನೇದು ಕಣೇ, ಇನ್ನು ನನ್ನ ಕೈಲಾಗಲ್ಲ," ಎಂದು ಏಣಿಯನ್ನು ಕೂಲಿಯವರಿಗೇ ಕೊಟ್ಟು ಬರಿಗೈಯಲ್ಲಿ ಮೆಟ್ಟಿಲಿಳಿದು ಹೋಗಿದ್ದ. ಆ ಗೋಡೆಯ ಮೇಲೆ ಒಂದು ಮೊಳೆ ಹೊಡೆಯಲೂ ಅವಳು ಗಂಡನಿಗೆ ಬಿಟ್ಟಿರಲಿಲ್ಲ.

"ಅಪ್ಪಂಗೆ ಮೊದಲೇ ಒಂದು ಮಾತು ಹೇಳಿಬಿಡು," ಎಂದ ಗಂಡ. ಅವನು ಅಡುಗೆಮನೆಯಲ್ಲಿ ನಿಂಬೆಹಣ್ಣುಗಳನ್ನು ಹಲಗೆಯ ಮೇಲೆ ಅಂಗೈಯಲ್ಲಿ ಉರುಳಿಸಿ ಮೆತ್ತಗೆ ಮಾಡುತ್ತಿದ್ದ. ಪುದಿನ ಬೋಗುಣಿ ತುಂಬ ಇತ್ತು. ಬೆರಳೆಲ್ಲ ಅದರದೇ ವಾಸನೆ.

"ಯಾಕೆ?"

"ಅವರ ಗೋಡೆ ಅಲ್ವಾ. ಹೋಗುತ್ತಲ್ಲ ಅದು?"

"ನಾಟಕದ ಬಣ್ಣ. ಹೋಗದೆ ಏನು."

"ಆದ್ರೂ ಹೇಳು."

"ಹೇಳಲ್ಲ. ಬಂದ ತಕ್ಷಣ ಅವನಿಗೆ ಗೊತ್ತಾಗುತ್ತೆ. ಒದ್ದೆ ವಿಷಯದಲ್ಲಿ ಅಪ್ಪಂಗೆ ಯಾರು ಹೇಳ್ಕೊಡ್ಬೇಕು?" ಎಂದಳು. ಹೇಳಿ ಹೊಗಳಿಸಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ. ಅವನೇ ಹತ್ತಿರ ಬಂದು, ಕಣ್ಣು ಕಿರಿದು ಮಾಡಿ, ಅಂಚನ್ನು ನೋಡಬೇಕು. ನೋಡಿ ಒಂದು ಮಾತು ಆಡಬೇಕು. ಒಂದೇ ಒಂದು. ಅಷ್ಟಕ್ಕಾಗಿ ಅವಳು ವಾರವೆಲ್ಲ ಕೆಲಸದಿಂದ ಬಂದು ಊಟ ಮಾಡದೆ ಏಣಿ ಹತ್ತಿದ್ದಳು. ಒಮ್ಮೆ ಆರಿದ ಒದ್ದೆ ಮತ್ತೆ ಬಂದರೆ ಹಳೆಯ ಅಂಚನ್ನು ದಾಟಿ ಬೆರಳಷ್ಟು ಆಚೆ ಹೊಸ ಅಂಚು ಕಟ್ಟುತ್ತದೆ, ಆಮೇಲೆ ಬಂದದ್ದು ಇನ್ನಷ್ಟು ಆಚೆ. ಹೊರಗಿನ ಅಂಚು ಕಪ್ಪು, ಒಳಗಿನದು ಹಳದಿ. ಇದನ್ನು ಅವಳು ಯಾವ ಶಾಲೆಯಲ್ಲೂ ಕಲಿತಿರಲಿಲ್ಲ. ಊಟಕ್ಕೆ ಕೂತಾಗ ಅಪ್ಪನ ಬಾಯಲ್ಲಿ ಬೇರೆ ಮಾತೇ ಇರುತ್ತಿರಲಿಲ್ಲ. ಮನೆಗಳಿಗೆ ಬಣ್ಣ ಹಚ್ಚಿ ಬಂದವನು ತುತ್ತಿನ ನಡುವೆ ಒದ್ದೆಯನ್ನು, ಒಬ್ಬ ಮನುಷ್ಯನನ್ನು ಬೈದ ಹಾಗೆ ಬೈಯುತ್ತಿದ್ದ. "ಕಳ್ಳ ಬಡ್ಡೀಮಗಂದು, ಇವತ್ತು ಕಿಟಕಿ ಕೆಳಗಿಂದ ಬಂದಿದೆ ನೋಡು!" ಅಕ್ಕ ಕಿವಿಗೆ ಬೆರಳಿಟ್ಟುಕೊಂಡು ಪುಸ್ತಕ ಓದುತ್ತಿದ್ದಳು. ಪುಟ್ಟಿ ತುತ್ತನ್ನು ಕೈಯಲ್ಲೇ ಹಿಡಿದು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಆ ಕೇಳಿಸಿಕೊಂಡದ್ದರಿಂದಲೇ ತಾನು ಅನ್ನ ತಿನ್ನುತ್ತಿದ್ದೇನೆ ಎಂದು ಅಪ್ಪನಿಗೆ ಹೇಳಲು ಅವಳಿಗೆ ಯಾವತ್ತೂ ಆಗಿರಲಿಲ್ಲ. ನಾಟಕಶಾಲೆಯ ಕೆಲಸ ಸಿಕ್ಕಿದ ದಿನ ಅವನು ನಕ್ಕಿದ್ದ: "ಹಾಳು ಮಾಡೋಕೂ ಸಂಬಳ ಕೊಡ್ತಾರಾ?" ಒಂದೇ ಸಲ ನಾಟಕಕ್ಕೆ ಬಂದಿದ್ದ. ಮುಗಿದ ಮೇಲೆ ಅವಳು ಅವನನ್ನು ರಂಗದ ಮೇಲೆ ಹತ್ತಿಸಿ ತಾನು ಬರೆದ ಸೆರೆಮನೆಯ ಗೋಡೆಯ ಮುಂದೆ ನಿಲ್ಲಿಸಿದ್ದಳು. ಅಪ್ಪ ಮೂಗು ತಾಗುವಷ್ಟು ಹತ್ತಿರ ಹೋಗಿ, ಹಿಂದೆ ಬಂದು, "ಪರವಾಗಿಲ್ಲ, ದೂರಕ್ಕೆ ನಡೆಯುತ್ತೆ. ದೂರದಿಂದ ನೋಡಿದ್ರೆ ನಾನೂ ರಾಜಕುಮಾರನೇ," ಎಂದಿದ್ದ. ಬಡಗಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ದೀಪದವನು ನಕ್ಕಿದ್ದ. ಎಲ್ಲರೂ ನಗುವಾಗ ನಗದೆ ನಿಂತರೆ ಚೆನ್ನಾಗಿರುವುದಿಲ್ಲ ಎಂದು ಅವಳೂ ನಕ್ಕಿದ್ದಳು. ಇವತ್ತಿನ ಗೋಡೆ ದೂರ ಕೂತು ನೋಡುವವರಿಗಲ್ಲ. ಅವಳು ಅಂಚಿನ ಉಪ್ಪನ್ನು ಒಂದೊಂದು ಕಾಳಾಗಿ ಕೂರಿಸಿದ್ದಳು.

ಮೊದಲು ಬಂದವಳು ಚೂಟಿ. ಕಾನೂನು ಓದುತ್ತಿರುವ ಹುಡುಗಿ, ಮಾತಿನಲ್ಲಿ ಯಾರನ್ನೂ ಬಿಡುವವಳಲ್ಲ. ಕೆಂಪು ಲಂಗವನ್ನು ಎರಡೂ ಕೈಯಲ್ಲಿ ಬೀಸಿಕೊಂಡು ಒಳಗೆ ನುಗ್ಗಿ, "ಚಿಕ್ಕೀ! ಸಮುದ್ರ!" ಎಂದು ಕೂಗಿ, ಕಟ್ಟೆಗೆ ಬಡಿಯುವ ಅಲೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡಳು. ಹಿಂದೆ ಭಾವ, ತಲೆಗೆ ಹುಲ್ಲಿನ ಹ್ಯಾಟು, ಬಾಯಲ್ಲಿ ಹಚ್ಚದ ಸಿಗಾರು. ಹಲ್ಲಿನ ಡಾಕ್ಟರು. "ಹಚ್ಚಿದೆ ಅಂತಿಟ್ಕೋ, ನಾಳೆ ನನ್ನ ಪೇಷಂಟುಗಳು ನನಗೇ ಬುದ್ಧಿ ಹೇಳೋಕೆ ಬರ್ತಾರೆ," ಎಂದರು. ಅಕ್ಕ ಹಳದಿ ಗೌನಿನಲ್ಲಿ, ಕಿವಿಯ ಹಿಂದೆ ಬಟ್ಟೆಯ ಹೂವು ಸಿಕ್ಕಿಸಿಕೊಂಡು ಬಂದಿದ್ದಳು. ಸುಂದರವಾಗಿದ್ದಳು, ಅವಳು ಯಾವತ್ತೂ ಹಾಗೇ. ಕಟಾಂಜನ ನೋಡಿದಳು, ಕಾರು ನೋಡಿದಳು, ಹೊಗಳಿ ಅಟ್ಟಕ್ಕೇರಿಸಿದಳು. "ಅಯ್ಯೋ ಈ ಕಾರಿನ ದೀಪ ನೋಡ್ರೀ, ಕಣ್ಣು ಹೊಡೆಯೋ ಹಾಗಿದೆ!" ಆಮೇಲೆ ಅವಳ ಕಣ್ಣು ನಾಲ್ಕನೆಯ ಗೋಡೆಗೆ ಹೋಯಿತು. ಹೋದದ್ದು ಅಲ್ಲಿ ನಿಲ್ಲಲಿಲ್ಲ. ಕಾಣಬಾರದ್ದನ್ನು ಕಂಡವಳ ಹಾಗೆ ಥಟ್ಟನೆ ಕೆಳಗಿಳಿದು, ಮೇಜಿನ ಮೇಲಿದ್ದ ಕರಿದ ಬಾಳೆಕಾಯಿಯ ತಟ್ಟೆಯ ಮೇಲೆ ಕೂತಿತು. "ಇದನ್ನ ನೀನೇ ಕರಿದ್ಯಾ? ಎಷ್ಟು ತೆಳ್ಳಗೆ ಬಂದಿದೆ." ಭಾವನೂ ಅದನ್ನು ನೋಡಿದರು, ಸಿಗಾರನ್ನು ಬಾಯಿಯ ಬಲಗಡೆಯಿಂದ ಎಡಗಡೆಗೆ ಸರಿಸಿ, ಗಂಡನ ಹತ್ತಿರ ರಮ್ಮಿನ ವಿಷಯ ಮಾತಾಡಲು ಹೋದರು. ಬಾಳೆಕಾಯಿ ಹೊಗಳಿದಷ್ಟು ಸುಲಭವಾಗಿ ಒಂದು ಮಾತು ಗೋಡೆಗೆ ಹೇಳಲು ಇವರಿಗೆ ಏನು ಕಷ್ಟ ಎಂದು ಅವಳಿಗೆ ಒಳಗೊಳಗೇ ಉರಿಯಿತು. ಪರದೆಯ ಮೇಲಿನ ಕಾರು ಮಕ್ಕಳೂ ಬರೆಯುತ್ತಾರೆ. ಹೋಗಲಿ, ಇವರಿಗಾಗಿ ಬರೆದದ್ದಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡು ಲೋಟಗಳಿಗೆ ಪುದಿನ ಹಾಕಿ ಜಜ್ಜಿದಳು.

ಅಪ್ಪ ಕೊನೆಗೆ ಬಂದ. ಮೆಟ್ಟಿಲಲ್ಲಿ ಯಾರ ಕೈಯನ್ನೂ ಹಿಡಿಯದೆ, ನಿಂತು ನಿಂತು ಬರುವುದು ಅವನ ಹಟ. ನಾಟಕಶಾಲೆಯ ದರ್ಜಿಯಿಂದ ಅವಳು ಹೊಲಿಸಿ ಕಳಿಸಿದ್ದ ನಾಲ್ಕು ಜೇಬಿನ ಬಿಳಿ ಅಂಗಿ ಅವನಿಗೆ ಹೇಳಿ ಮಾಡಿಸಿದ ಹಾಗೆ ಒಪ್ಪಿತ್ತು. "ನಾಲ್ಕು ಜೇಬು ಯಾಕೆ ಹೊಲಿಸಿದ್ಯೇ? ಇಡೋಕೆ ನನ್ನ ಹತ್ರ ಏನಿದೆ?" ಎನ್ನುತ್ತ ಒಳಗೆ ಬಂದವನು ಅಲೆಯನ್ನು ನೋಡಿ ತಲೆ ಆಡಿಸಿದ, ಕಾರು ನೋಡಿ "ಯಾರದ್ದು, ನಿಮ್ಮ ಭಾವಂದಾ?" ಎಂದು ತಮಾಷೆ ಮಾಡಿದ. ಆಮೇಲೆ ಕಿಟಕಿಯ ಎದುರಿನ ಗೋಡೆಯ ಕಡೆ ತಿರುಗಿದ. ಅವಳು ಟ್ರೇ ಹಿಡಿದುಕೊಂಡೇ ಅವನ ಮುಖವನ್ನು ನೋಡುತ್ತಿದ್ದಳು. ತಮಾಷೆಯ ಬಾಯಿ ಹಾಗೇ ಅರ್ಧ ತೆರೆದುಕೊಂಡು ಉಳಿಯಿತು. ಮೇಲಿನಿಂದ ಕೆಳಗೆ ನೋಡಿದ. ಮತ್ತೆ ಕೆಳಗಿನಿಂದ ಮೇಲೆ. ಹೋಗಿ ಮುಖ ಹತ್ತಿರ ಇಟ್ಟ. ಕೈ ಎತ್ತಿದ. ಆ ಕೈ ಗೋಡೆ ಮುಟ್ಟದೆ ಕೆಳಗಿಳಿಯಿತು. ಈಗ ಹೇಳುತ್ತಾನೆ, ಈಗ. ಅಪ್ಪ ತಿರುಗಿ, ಗೋಡೆಗೆ ಬೆನ್ನು ಮಾಡಿ, ಸರಿಯಾಗಿ ಆ ಒದ್ದೆಯ ಮುಂದೆ, ಕಾಲು ಅಗಲಿಸಿ ಕಾವಲುಗಾರನ ಹಾಗೆ ನಿಂತುಬಿಟ್ಟ. ಅವಳು ಕೊಟ್ಟ ಲೋಟವನ್ನು ಅವಳ ಮುಖ ನೋಡದೆ ತೆಗೆದುಕೊಂಡ.

ಅಲ್ಲಿಂದ ಅವನು ಕದಲಲೇ ಇಲ್ಲ. ಗಂಡ ಗ್ರಾಮಫೋನಿನ ತಟ್ಟೆ ಹಾಕಿದ. ಸೂಜಿಯ ಕರಕರದ ನಡುವೆಯಿಂದ ತುತ್ತೂರಿ ಎದ್ದು ಬಂತು, ಡೋಲು ಅದರ ಹಿಂದೆ ಓಡಿ ಬಂತು. ಚೂಟಿ ಅವಳ ಅಪ್ಪನನ್ನು ಎಳೆದು ಕುಣಿಸಿದಳು. ಭಾವ ಸೊಂಟವೇ ಇಲ್ಲದ ಮನುಷ್ಯ, ಆದರೂ ಇದ್ದಷ್ಟನ್ನು ತಿರುಗಿಸಿದರು. ಅಕ್ಕ ನಗುತ್ತ ಕೂತು ಚಪ್ಪಾಳೆ ತಟ್ಟಿದಳು. ಎರಡನೆಯ ಸುತ್ತಿನ ರಮ್ಮಿಗೆ ಸಕ್ಕರೆ ಸ್ವಲ್ಪ ಹೆಚ್ಚಾಗಿತ್ತು, ಯಾರೂ ದೂರಲಿಲ್ಲ. ಕೂಟ ಗೆದ್ದಿತ್ತು. ಅವಳ ಪುಟ್ಟ ಕೋಣೆಯಲ್ಲಿ ಅಕ್ಕನ ದೊಡ್ಡ ಮನೆಯಲ್ಲಿ ಕಾಣದ ಒಂದು ಬಿಸಿ ಹುಟ್ಟಿತ್ತು, ಅದು ಅವಳಿಗೂ ಗೊತ್ತಾಗುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು; ಆದರೆ ಅತ್ತ ನೋಡಿದರೆ ಅಪ್ಪ. ಅವಳು ಮಾಡಿದ್ದರಲ್ಲೆಲ್ಲ ಒಳ್ಳೆಯದನ್ನು ಅಂಗಿಯಿಂದ ಮುಚ್ಚಿಕೊಂಡು ನಿಂತಿದ್ದಾನೆ. "ತಾತಾ, ಬಾ ಕುಣಿ," ಎಂದು ಚೂಟಿ ಕೈ ಹಿಡಿದು ಎಳೆದರೆ "ಕಾಲು ನೋವು ಮರೀ" ಎಂದ. ಕಾಲು ನೋಯುವವನು ಕುರ್ಚಿ ತಂದುಕೊಟ್ಟರೆ ಕೂರಬೇಕಲ್ಲವೇ? ಗಂಡ ಕುರ್ಚಿ ತಂದ, ಅಪ್ಪ ಕೂರಲಿಲ್ಲ. ಕೂತರೆ ತಲೆಯ ಮೇಲೆ ಇನ್ನಷ್ಟು ಒದ್ದೆ ಕಾಣುತ್ತದೆ. ಅಂದರೆ ಬೇಕೆಂದೇ. ನನ್ನ ಗೋಡೆಯ ಮೇಲೆ ಈ ಹೊಲಸು ಬಳಿದೆಯಾ, ಇದನ್ನು ಯಾರೂ ನೋಡದಿರಲಿ ಎಂದೇ. ಅಷ್ಟು ಸಿಟ್ಟಿದ್ದರೆ ಬೈಯಲಿ. ಚಿಕ್ಕವಳಿದ್ದಾಗ ಅವನ ಕುಂಚದ ಕೂದಲು ಕತ್ತರಿಸಿ ಗೊಂಬೆಗೆ ಮೀಸೆ ಅಂಟಿಸಿದ್ದಕ್ಕೆ ಬೀದಿಗೆ ಕೇಳುವಂತೆ ಬೈದಿದ್ದ. ಅದು ಎಷ್ಟೋ ವಾಸಿ. ಇಷ್ಟು ವರ್ಷದ ಮೇಲೂ, ಹೆಂಗಸಾಗಿ, ಕಸುಬುಗಾರ್ತಿಯಾಗಿ, ಅಪ್ಪನ ಒಂದು ಮಾತಿಗೆ ಹೀಗೆ ಬಾಯಾರಿ ನಿಂತಿದ್ದೇನಲ್ಲ ಎಂದು ತನ್ನ ಮೇಲೆಯೇ ಅವಳಿಗೆ ಅಸಹ್ಯವಾಯಿತು. ತಪ್ಪು ತನ್ನದೂ ಇರಬಹುದು. ಕೊನೆಯ ಗೋಡೆ ಎಂದು ಅವನೇ ಹೇಳಿದ್ದ. ಕೋಣೆಯಲ್ಲಿ ಬರೆಯಲು ಬೇರೆ ಗೋಡೆ ಇರಲಿಲ್ಲವೇ? ಇತ್ತು. ಅವಳಿಗೆ ಅದೇ ಬೇಕಿತ್ತು.

ಐಸು ತರಲು ಅಡುಗೆಮನೆಗೆ ಹೋದಾಗ ಅಕ್ಕ ಹಿಂದೆಯೇ ಬಂದಳು. ಬಾಗಿಲನ್ನು ಅರ್ಧ ಸರಿಸಿ, ಅವಳ ಭುಜದ ಮೇಲೆ ಕೈ ಇಟ್ಟಳು.

"ಮುಂದಿನ ವರ್ಷ ನಮ್ಮನೇಲೇ ಇಟ್ಕೊಳ್ಳೋಣ ಪುಟ್ಟಿ. ನಿನಗ್ಯಾಕೆ ಇಷ್ಟು ತಾಪತ್ರಯ."

"ಯಾಕೆ? ಏನು ಕಮ್ಮಿ ಆಯ್ತು?"

"ಕಮ್ಮಿ ಅಲ್ವೇ. ಎಲ್ಲಾ ಚೆನ್ನಾಗಿದೆ. ನಿಂಗೆ ಈಗ ಮನೆ ಕಡೆ ಗಮನ ಕೊಡೋದು ತುಂಬಾ ಇರುತ್ತಲ್ಲ, ಅದಕ್ಕೆ."

"ನಮ್ಮನೆಗೇನಾಗಿದೆ?"

ಅಕ್ಕ ಅವಳ ಕೆನ್ನೆಯನ್ನು ಮೆಲ್ಲಗೆ ಚಿವುಟಿ, ಐಸಿನ ಪಾತ್ರೆಯನ್ನು ತಾನೇ ಎತ್ತಿಕೊಂಡು ಹೋದಳು. ಆ ಚಿವುಟುವಿಕೆಯಲ್ಲಿ ಕನಿಕರವಿತ್ತು. ಬೈಗುಳವನ್ನಾದರೂ ಹೊಟ್ಟೆಗೆ ಹಾಕಿಕೊಳ್ಳಬಹುದು, ಅಕ್ಕನ ಕನಿಕರವನ್ನು ಅವಳು ಹುಟ್ಟಿದಾಗಿನಿಂದ ಸಹಿಸಿದವಳಲ್ಲ. ಸಿಂಕಿನ ಮುಂದೆ ನಿಂತು ಕೈ ತೊಳೆದಳು. ಕೈ ಕೊಳೆಯಾಗಿರಲಿಲ್ಲ. ನಾಟಕಶಾಲೆಯಲ್ಲಿ ತೆರೆ ಬಿದ್ದ ಮೇಲೆ ನಟರೆಲ್ಲ ಸಾಲಾಗಿ ಬಾಗಿ ನಮಸ್ಕಾರ ಮಾಡುವಾಗ ಅವಳು ರಂಗದ ಪಕ್ಕದ ಕತ್ತಲಲ್ಲಿ ನಿಂತು, ಅವರ ಬೆನ್ನ ಹಿಂದಿನ ತನ್ನ ಗೋಡೆಯನ್ನು ನೋಡುತ್ತಿರುತ್ತಾಳೆ. ಚಪ್ಪಾಳೆಯಲ್ಲಿ ಗೋಡೆಗೆ ಎಷ್ಟು ಪಾಲು ಎಂದು ಯಾರೂ ಹೇಳುವುದಿಲ್ಲ, ಅವಳು ಕೇಳುವುದೂ ಇಲ್ಲ. ಇವತ್ತು ಕೇಳುತ್ತೇನೆ ಎನ್ನಿಸಿತು. ಬೈಯುವುದಾದರೆ ಎಲ್ಲರ ಮುಂದೆ ಬೈಯಲಿ, ಹೊಗಳುವುದಾದರೂ ಸರಿ, ಆ ಗೋಡೆಯ ಮುಂದಿನಿಂದ ಅವನು ಪಕ್ಕಕ್ಕೆ ಸರಿಯಲೇಬೇಕು. ಕೈ ಒರೆಸಿಕೊಳ್ಳದೆ ಹೊರಗೆ ಬಂದಳು.

ತಟ್ಟೆಯ ಇನ್ನೊಂದು ಮಗ್ಗುಲು ಹಾಕಿದ್ದರು. ನಿಧಾನದ ಹಾಡು. ಗಂಡ ಅಕ್ಕನನ್ನು ಕುಣಿಯಲು ಕರೆದು ಅವಳ ಕಾಲು ತುಳಿಯುತ್ತಿದ್ದ. ಭಾವ ಮತ್ತು ಚೂಟಿ ಅದನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದರು. ಅವಳು ನೇರವಾಗಿ ಅಪ್ಪನ ಮುಂದೆ ಹೋಗಿ ನಿಂತಳು.

"ಅಪ್ಪಾ, ಈ ಕಡೆ ಬಾ."

"ಇಲ್ಲೇ ಚೆನ್ನಾಗಿದೆ."

"ಬಾ ಅಂದ್ರೆ ಬಾ. ಸಂಜೆಯಿಂದ ನೋಡ್ತಾ ಇದೀನಿ. ಅಷ್ಟು ಕೋಪ ಇದ್ರೆ ಬೈದುಬಿಡು, ಹೀಗೆ ಮುಚ್ಕೊಂಡು ನಿಲ್ಬೇಡ."

"ಮೆತ್ತಗೆ ಮಾತಾಡೇ," ಎಂದ ಅಪ್ಪ. ಅವಳ ಹಿಂದೆ ಕುಣಿಯುತ್ತಿದ್ದವರ ಕಡೆ ಒಮ್ಮೆ ಕಣ್ಣು ಹಾಯಿಸಿ, ದನಿ ಇನ್ನೂ ತಗ್ಗಿಸಿದ. "ನಿಮ್ಮ ಭಾವ ಇನ್ನೂ ಸರಿಯಾಗಿ ನೋಡಿಲ್ಲ. ಎಲ್ಲಾ ಹೋಗಲಿ, ಆಮೇಲೆ ಮಾತಾಡೋಣ. ನಿನ್ನ ಮೇಲೆ ನಂಗ್ಯಾಕೆ ಕೋಪ? ಕೆಡಿಸಿದೋನು ನಾನು." ಲೋಟ ಹಿಡಿದ ಕೈ ನಡುಗುತ್ತಿತ್ತು, ಒಳಗೆ ಐಸು ಸದ್ದು ಮಾಡುತ್ತಿತ್ತು. "ಕೆಳಗಿನ ಕೋಟು ಒಣಗೋಕೆ ಮುಂಚೆ ಮೇಲಿಂದು ಎಳೆದುಬಿಟ್ನೇನೋ. ಮೂಲೇಲಿ ಸಿಮೆಂಟು ಸರಿಯಾಗಿ ತುಂಬಿಲ್ಲ, ಅದು ನನ್ನ ಕಣ್ಣಿಗೆ ಬೀಳಬೇಕಿತ್ತು. ಬೀಳಲಿಲ್ಲ. ಮೂರು ವರ್ಷಕ್ಕೇ ಹೀಗೆ ಆಯ್ತಲ್ಲೇ. ಮೂರು ಸಲ ನೀರು ಬಂದು ಹೋಗಿದೆ, ಅಂಚು ನೋಡಿದ್ರೆ ಗೊತ್ತಾಗಲ್ವಾ? ನೀನು ಒಂದು ಮಾತು ಹೇಳಲಿಲ್ಲ. ನಾನು ನೊಂದ್ಕೋತೀನಿ ಅಂತ ತಾನೇ?"

ಅವಳಿಗೆ ಮೊದಲು ಬಂದದ್ದು, ನಾಚಿಕೆಗೇಡು ಎನ್ನಬೇಕು, ಸಂತೋಷವೇ. ಮೂರು ಸಲ ನೀರು ಬಂದುಹೋಗಿದೆ ಎಂದ! ಅವಳು ಮೂರೇ ಸಲ ತರಿಸಿದ್ದಳು. ಊರಿನ ಅರ್ಧ ಗೋಡೆಗಳ ಒದ್ದೆಯನ್ನು ಕಂಡವನು, ಒಂದು ಮೊಳ ದೂರದಿಂದ ನೋಡಿ ನಂಬಿಬಿಟ್ಟಿದ್ದ. ಆ ಸಂತೋಷ ಬಾಯಿಗೆ ಬರುವಷ್ಟರಲ್ಲಿ ಅವನ ಮುಖ ಕಂಡಿತು. ತನ್ನ ಕೈ ಹೋಯಿತೆಂದು, ಕಟ್ಟಕಡೆಯ ಕೆಲಸವೇ ಕೆಟ್ಟಿತೆಂದು ಈ ಮನುಷ್ಯ ಇಷ್ಟು ಹೊತ್ತು ಅದನ್ನು ಬೆನ್ನಿಂದ ಮರೆಮಾಡಿಕೊಂಡು, ಮೊಮ್ಮಗಳಿಗೆ ಕಾಲು ನೋವೆಂದು ಸುಳ್ಳು ಹೇಳಿಕೊಂಡು, ನಗುವವರ ಜೊತೆ ನಕ್ಕುಕೊಂಡು ನಿಂತಿದ್ದಾನೆ. ಅಕ್ಕನೂ ಭಾವನೂ ಕಣ್ಣು ತಪ್ಪಿಸಿದ್ದು ಯಾಕೆಂದು ಈಗ ಹೊಳೆಯಿತು, ಅವರೂ ನಂಬಿದ್ದರು. ಹೇಳದೆ ಇರುವ ಹಾಗಿಲ್ಲ. ಹೇಳಿದರೆ, ಬದುಕೆಲ್ಲ ಗೋಡೆ ನೋಡಿದವನು ಮಗಳ ಬಣ್ಣಕ್ಕೆ ಏಮಾರಿದ ಎಂದಾಗುತ್ತದೆ. ಎರಡರಲ್ಲಿ ಯಾವುದು ಅವನಿಗೆ ಹೆಚ್ಚು ನೋವು ಎಂದು ಅಳೆಯುತ್ತ ನಿಲ್ಲಲು ಸಮಯವಿರಲಿಲ್ಲ.

"ಅಪ್ಪಾ, ಅದು ಒದ್ದೆ ಅಲ್ಲ. ಬಣ್ಣ. ನಾನು ಬರೆದದ್ದು."

ಅಪ್ಪ ಅವಳನ್ನು ನೋಡಿದ. ಆಮೇಲೆ, ಜ್ವರ ಬಂದಾಗ ಮಗುವಿನ ತಲೆ ಸವರುವ ಹಾಗೆ ಅವಳ ತಲೆ ಸವರಿದ.

"ನನ್ನ ಸಮಾಧಾನಕ್ಕೆ ಹಾಗೆಲ್ಲಾ ಹೇಳ್ಬೇಡ ಪುಟ್ಟಿ. ನಂಗೆ ಗೊತ್ತಾಗಲ್ವಾ?"

"ಮುಟ್ಟಿ ನೋಡು."

"ಬಂದಾಗಲೇ ಮುಟ್ಟೋಣ ಅಂದ್ಕೊಂಡೆ. ಧೈರ್ಯ ಬರಲಿಲ್ಲ."

ಅವಳು ಅವನ ಕೈಯಿಂದ ಲೋಟ ತೆಗೆದಿಟ್ಟು, ಕೈಯನ್ನು ಹಿಡಿದು ಗೋಡೆಯ ಮೇಲೆ ಇರಿಸಿದಳು. ಅಂಗೈ ಅಗಲವಾಗಿ ಕಂದಿನ ಮೇಲೆ ಕೂತಿತು. ಅಪ್ಪ ಕಣ್ಣು ಮುಚ್ಚಿಕೊಂಡಿದ್ದ.

"ಒಣಗಿದೆ," ಎಂದ. "ಈಗ ಬಿಸಿಲ ಕಾಲ. ಒಣಗಿರುತ್ತೆ."

ಅವಳು ಒಳಗೆ ಓಡಿ, ಸಿಂಕಿನ ಪಕ್ಕದ ಬಟ್ಟೆಯನ್ನು ನೀರಲ್ಲಿ ಅದ್ದಿ, ಹಿಂಡದೆಯೇ ತಂದಳು. ಕೆಳಗಿನ ಅಂಚು, ಅತಿ ಚೆನ್ನಾಗಿ ಬಂದಿದ್ದ ಭಾಗ. ಅದರ ಮೇಲೆಯೇ ಬಟ್ಟೆ ಒತ್ತಿ ಎಳೆದಳು. ಉಪ್ಪು ಹೋಯಿತು, ಕಪ್ಪು ಹೋಯಿತು, ಹಳದಿ ಹೋಯಿತು. ಒಳಗಿನಿಂದ ಅಪ್ಪನ ಬಿಳಿ ಎದ್ದು ಬಂತು. ಒಂದು ಗೆರೆಯಿಲ್ಲ, ಒಂದು ಗುಳ್ಳೆಯಿಲ್ಲ, ಅವನು ಮುಗಿಸಿ ಮೆಟ್ಟಿಲಿಳಿದು ಹೋದ ದಿನ ಹೇಗಿತ್ತೋ ಹಾಗೇ ಇತ್ತು. "ನೋಡಿದ್ಯಾ? ನಿನ್ನ ಗೋಡೆಗೆ ಏನೂ ಆಗಿಲ್ಲ. ಏನೂ ಆಗಿಲ್ಲಪ್ಪ," ಎಂದಳು. ಪೂರ್ತಿ ಒರೆಸಿಬಿಡಬೇಕು, ಅವನ ಮುಖಕ್ಕೆ ಮತ್ತೆ ಕಳೆ ಬರುವವರೆಗೆ, ವಾರದ ಕೆಲಸ ಹೋದರೆ ಹೋಗಲಿ ಎಂದು ಬಟ್ಟೆ ಮೇಲೆತ್ತಿದಳು.

ಅಪ್ಪ ಅವಳ ಮಣಿಕಟ್ಟು ಹಿಡಿದುಕೊಂಡ. ಏಣಿ ಹತ್ತಿದವನ ಹಿಡಿತ; ಕೈ ನಡುಗುತ್ತಿರಲಿಲ್ಲ.

"ಸಾಕು. ಒರೆಸಬೇಡ."

"ನಿನ್ನ ಗೋಡೆ ಅಪ್ಪಾ—"

"ಒರೆಸಬೇಡ ಅಂದ್ನಲ್ಲ. ಇರಲಿ ಅದು."

ಅವಳ ಕೈ ಬಿಡದೆಯೇ ಅವನು ಬಗ್ಗಿ ನೋಡತೊಡಗಿದ. ಒರೆಸಿದ ಕಡೆಯ ಬಿಳಿಯನ್ನಲ್ಲ. ಅದು ಸರಿಯಾಗಿದೆ ಎಂದು ಗೊತ್ತಾದ ಮೇಲೆ ಅದರತ್ತ ತಿರುಗಿಯೂ ನೋಡಲಿಲ್ಲ. ಒರೆಸದೆ ಉಳಿದ ಒದ್ದೆಯನ್ನು, ಗುಳ್ಳೆಯ ಕೆಳಗಿನ ನೆರಳನ್ನು, ಅಂಚಿನ ಮೇಲಿನ ಅಂಚನ್ನು ಒಂದೊಂದಾಗಿ ನೋಡಿದ. ಉಗುರಿನ ತುದಿಯಿಂದ ಒಂದು ಕಾಳು ಉಪ್ಪನ್ನು ಎಬ್ಬಿಸಿ, ನಾಲಗೆಗೆ ಇಟ್ಟುಕೊಂಡು, ಸೀಮೆಸುಣ್ಣವೆಂದು ಗೊತ್ತಾಗಿ ಉಗುಳಿದ. "ಕಳ್ಳಿ," ಎಂದ. "ಕಳ್ಳ ಮುಂಡೇದೇ." ಅವನ ಭುಜ ಕುಲುಕುತ್ತಿತ್ತು, ಅಳುತ್ತಿದ್ದಾನೆಂದು ಅವಳು ಹೆದರಿದಳು, ನಗುತ್ತಿದ್ದ. ಆಮೇಲೆ ನೆಟ್ಟಗೆ ನಿಂತು, ಅಂಗಿಯನ್ನು ಎಳೆದು ಸರಿಮಾಡಿಕೊಂಡು, ಸಂಜೆಯಿಂದ ಬಿಟ್ಟು ಕದಲದಿದ್ದ ಜಾಗದಿಂದ ಪಕ್ಕಕ್ಕೆ ಸರಿದ. ತುತ್ತೂರಿಯ ಮೇಲಿಂದ ಕೇಳುವಂತೆ, ಪಕ್ಕದ ಮನೆಯವರಿಗೂ ಕೇಳುವಂತೆ ಕೂಗಿದ.

"ದೊಡ್ಡೋಳೇ! ಏಯ್, ಆ ಹಾಡು ನಿಲ್ಸ್ರೋ! ಎಲ್ಲಾ ಬನ್ನಿ ಇಲ್ಲಿ. ನಿಮ್ಮಪ್ಪ ಹ್ಯಾಗೆ ಏಮಾರಿದ ಅಂತ ನೋಡು ಬಾ!"